ನಿಮತುಲ್ಲಾಹಿ ಸೂಫಿಗಳು: ಕಿರ್ಮಾನಿನಿಂದ ಬೀದರಿಗೆ

ನಿಮತುಲ್ಲಾಹಿ ಪಂಥವು ಇರಾನಿನ ಕಿರ್ಮಾನ್ ಪ್ರಾಂತ್ಯದ ಮಾಹಾನ್ ಎಂಬ ಊರಿನಲ್ಲಿ ನೆಲೆಗೊಂಡಿದ್ದ ಸೂಫಿ ಪರಂಪರೆ. 15ನೆಯ ಶತಮಾನದ ಪೂರ್ವಾರ್ಧದಲ್ಲಿ ಬಹಮನಿ ಸುಲ್ತಾನ ಒಂದನೆಯ ಅಹ್ಮದ್ ಶಾನ ಕರೆಗೆ ಓಗೊಟ್ಟು ಅದರ ಗುರುಮನೆತನ ಬೀದರಿಗೆ ಬಂದು ನೆಲೆಸಿತು. ಪಂಥದ ಗುರುಪೀಠ ಮುಂದೆ ಮೂರು ಶತಮಾನಕ್ಕೂ ಹೆಚ್ಚು ಕಾಲ ದಖ್ಖನಿನಲ್ಲೇ ಉಳಿಯಿತು. ಬೀದರ್ ಪಟ್ಟಣದಿಂದ ಅಷ್ಟೂರಿಗೆ ಹೋಗುವ ದಾರಿಯಲ್ಲಿರುವ ಚೌಖಂಡಿ ಮತ್ತು ಅಷ್ಟೂರಿನಲ್ಲಿರುವ ಅಹ್ಮದ್ ಶಾನ ಗುಂಬಜ್ ಈ ವಲಸೆಗೆ ಇಂದಿಗೂ ನಿಂತಿರುವ ಸಾಕ್ಷಿಗಳು.

ಪಂಥದ ಮೂಲಪುರುಷ ಶಾ ನಿಮತುಲ್ಲಾ ವಲಿ 1330ರ ಸುಮಾರಿಗೆ ಸಿರಿಯಾದ ಅಲೆಪ್ಪೊದಲ್ಲಿ ಹುಟ್ಟಿದ. ಮೆಕ್ಕಾದಲ್ಲಿ ಅಬ್ದುಲ್ಲಾ ಯಾಫಿಈಯ ಶಿಷ್ಯನಾಗಿದ್ದು, ಆಮೇಲೆ ಮಧ್ಯ ಏಷ್ಯಕ್ಕೆ ಹೋದ. ಅಲ್ಲಿ ಅವನ ಸುತ್ತ ಶಿಷ್ಯರು ಸೇರತೊಡಗಿದ್ದು ತೈಮೂರನಿಗೆ ಹಿಡಿಸಲಿಲ್ಲ. ಆ ನಾಡು ಬಿಟ್ಟು ಹೆರಾತ್, ಯಜ್ದ್, ಕೂಹ್‌ಬನಾನ್‌ಗಳಲ್ಲಿ ಇದ್ದು, ಕೊನೆಗೆ ಮಾಹಾನಿನಲ್ಲಿ ನಿಂತ. 1431ರಲ್ಲಿ, ನೂರರ ಹತ್ತಿರದ ವಯಸ್ಸಿನಲ್ಲಿ ತೀರಿಕೊಂಡ. ಪರ್ಷಿಯನ್‌ನಲ್ಲಿ ಅವನು ಬರೆದ ಕವಿತೆಗಳ ದೊಡ್ಡ ಸಂಗ್ರಹವೇ ಇದೆ. ಇಂದು ಪಂಥವನ್ನು ಶಿಯಾ ಎಂದು ಗುರುತಿಸುವುದು ವಾಡಿಕೆಯಾದರೂ ಮೂಲಪುರುಷ ಸುನ್ನಿ ಸಂಪ್ರದಾಯದಲ್ಲಿ ಓದಿ ಬೆಳೆದವನು. ಶಿಯಾ ಬಣ್ಣ ಮೇಲಕ್ಕೆ ಬಂದದ್ದು ಅವನ ನಂತರದ ತಲೆಮಾರುಗಳಲ್ಲಿ.

ಅಷ್ಟು ದೂರದ ಗುರುವೊಬ್ಬ ಬಹಮನಿ ಅರಸನಿಗೆ ಬೇಕಾದದ್ದೇಕೆ ಎಂಬುದಕ್ಕೆ ಉತ್ತರ ಅಂದಿನ ರಾಜಧಾನಿ ಕಲಬುರಗಿಯಲ್ಲಿದೆ. ಅಹ್ಮದ್ ಶಾ 1422ರಲ್ಲಿ ಪಟ್ಟಕ್ಕೆ ಬಂದದ್ದು ಅಣ್ಣ ಫಿರೋಜ್ ಶಾನನ್ನು ಎದುರು ಹಾಕಿಕೊಂಡು. ಆಗ ಅವನ ಬೆನ್ನಿಗಿದ್ದದ್ದು ಕಲಬುರಗಿಯ ಸೂಫಿ ಸಂತ ಖಾಜಾ ಬಂದೇನವಾಜ್ ಗೇಸುದರಾಜರ ಆಶೀರ್ವಾದ. ಅದೇ ವರ್ಷದ ಕೊನೆಯಲ್ಲಿ ಬಂದೇನವಾಜರೂ ಕಾಲವಾದರು. ಪಟ್ಟಕ್ಕೆ ಆಸರೆಯಾಗಿದ್ದ ಸಂತನಿಲ್ಲ. ಕಲಬುರಗಿಯ ದರ್ಬಾರಿನ ತುಂಬ ಹಳೆಯ ಬಣದವರೇ. ಅಹ್ಮದ್ ಶಾ ರಾಜಧಾನಿಯನ್ನು ಬೀದರಿಗೆ ಒಯ್ದ. ಕೋಟೆಯ ಕೆಲಸ 1432ರ ಹೊತ್ತಿಗೆ ಒಂದು ಹಂತಕ್ಕೆ ಬಂತು. ಹೊಸ ರಾಜಧಾನಿಗೆ ಹೊಸ ಗುರುವನ್ನೂ ಹುಡುಕಿದ. ಇದರಲ್ಲಿ ಭಕ್ತಿಯೆಷ್ಟು, ರಾಜಕಾರಣವೆಷ್ಟು ಎಂದು ತೂಗಿ ಹೇಳುವುದು ಕಷ್ಟ, ಆದರೆ ಎರಡೂ ಇದ್ದವು ಎನ್ನಲು ಅಡ್ಡಿಯಿಲ್ಲ.

ಚರಿತ್ರೆಕಾರ ಫಿರಿಶ್ತಾ ಈ ಪ್ರಸಂಗವನ್ನು ವಿವರವಾಗಿಯೇ ಹೇಳುತ್ತಾನೆ. ಸುಲ್ತಾನ ಶೇಖ್ ಹಬೀಬುಲ್ಲಾ ಜುನೈದಿಯ ಮುಂದಾಳುತನದಲ್ಲಿ ಕಾಣಿಕೆಗಳೊಂದಿಗೆ ನಿಯೋಗವೊಂದನ್ನು ಕಿರ್ಮಾನಿಗೆ ಕಳಿಸಿದ. ಶಾ ನಿಮತುಲ್ಲಾ ತನ್ನ ಶಿಷ್ಯ ಮುಲ್ಲಾ ಕುತ್ಬುದ್ದೀನ್ ಕಿರ್ಮಾನಿಯ ಕೈಯಲ್ಲಿ ಹನ್ನೆರಡು ಮಡಿಕೆಯ ಹಸಿರು ಟೋಪಿಯೊಂದನ್ನು ಕಳಿಸಿಕೊಟ್ಟ. ಪಟ್ಟಕ್ಕಾಗಿ ಅಣ್ಣನೊಡನೆ ಹೋರಾಡುತ್ತಿದ್ದಾಗ ಸುಲ್ತಾನನ ಕನಸಿನಲ್ಲಿ ಕಾಣಿಸಿಕೊಂಡವನೊಬ್ಬ ತೊಡಿಸಿದ್ದು ಇದೇ ಟೋಪಿಯನ್ನು ಎಂಬ ಕಥೆ ಆಮೇಲೆ ಹುಟ್ಟಿತು, ಹುಟ್ಟಲೇಬೇಕಿತ್ತು. ಪತ್ರದಲ್ಲಿ ಗುರು ಸುಲ್ತಾನನನ್ನು ‘ವಲಿ’ ಎಂದು ಕರೆದಿದ್ದ. ಅಲ್ಲಿಂದ ಮುಂದೆ ಅಹ್ಮದ್ ಶಾ ಆ ಬಿರುದನ್ನು ಬಿಡಲಿಲ್ಲ.

ಮಗನನ್ನು ಕಳಿಸಿಕೊಡಬೇಕೆಂದು ಎರಡನೆಯ ಸಲ ಕೋರಿಕೆ ಹೋಯಿತು. ಶಾ ನಿಮತುಲ್ಲಾನಿಗೆ ಇದ್ದದ್ದು ಒಬ್ಬನೇ ಮಗ, ಖಲೀಲುಲ್ಲಾ. ಅವನನ್ನು ಬಿಟ್ಟುಕೊಡಲಾರದೆ ಮೊಮ್ಮಗ ನೂರುಲ್ಲಾನನ್ನು ಕಳಿಸಿದ. ಸುಲ್ತಾನ ಬೀದರಿನ ಹೊರಗೆ ತಾನೇ ಹೋಗಿ ಅವನನ್ನು ಎದುರುಗೊಂಡ. ಭೇಟಿಯಾದ ಜಾಗದಲ್ಲಿ ಮಸೀದಿ ಕಟ್ಟಿಸಿ, ನಿಮತಾಬಾದ್ ಎಂಬ ಊರನ್ನು ಎಬ್ಬಿಸಿದ. ನೂರುಲ್ಲಾನಿಗೆ ‘ಮಲಿಕುಲ್ ಮಶಾಯಿಖ್’ ಎಂಬ ಬಿರುದು ಸಿಕ್ಕಿತು, ರಾಜಕುಮಾರಿಯೊಡನೆ ಮದುವೆಯಾಯಿತು. ದರ್ಬಾರಿನಲ್ಲಿ ಅವನ ಆಸನ ಬಂದೇನವಾಜರ ವಂಶದವರಿಗಿಂತ ಮೇಲೆ. ಕಲಬುರಗಿಗೆ ಈ ಸಂದೇಶ ತಲುಪದೆ ಇರಲು ಸಾಧ್ಯವಿರಲಿಲ್ಲ.

1431ರಲ್ಲಿ ಮೂಲಪುರುಷ ತೀರಿಕೊಂಡ ಮೇಲೆ ಖಲೀಲುಲ್ಲಾನೇ ಹೊರಟ. ತೈಮೂರನ ಮಗ ಶಾರುಖ್ ಅವನನ್ನು ಹೆರಾತಿಗೆ ಕರೆಸಿಕೊಂಡಿದ್ದ. ಅಲ್ಲಿಯ ಆಸ್ಥಾನದ ಕಣ್ಣು ಈ ಮನೆತನದ ಮೇಲೆ ಬಿದ್ದಿತ್ತು. ಮಗ ಶಮ್ಸುದ್ದೀನನನ್ನು ಮಾಹಾನಿನ ದರ್ಗಾ ನೋಡಿಕೊಳ್ಳಲು ಬಿಟ್ಟು, ಹಬೀಬುಲ್ಲಾ ಮತ್ತು ಮುಹಿಬ್ಬುಲ್ಲಾ ಎಂಬ ಇನ್ನಿಬ್ಬರು ಮಕ್ಕಳೊಂದಿಗೆ ಬೀದರಿಗೆ ಬಂದ. ಇವರಿಗೂ ಬಹಮನಿ ಮನೆಯಿಂದಲೇ ಹೆಣ್ಣು ಬಂತು. ಸಂಬಂಧ ಒಮ್ಮುಖವಾಗಿರಲಿಲ್ಲ: ಮಾಹಾನಿನಲ್ಲಿ ಗುರುವಿನ ಗೋರಿಯ ಮೇಲಿನ ಗುಮ್ಮಟ 1436ರಲ್ಲಿ ಎದ್ದದ್ದು ಅಹ್ಮದ್ ಶಾನ ಹಣದಿಂದ. ಕಿರ್ಮಾನಿನ ಆ ಕಟ್ಟಡದಲ್ಲಿ ಬೀದರಿನ ಅರಸನ ಹೆಸರು ಇಂದಿಗೂ ಇದೆ.

ಧರ್ಮಪಂಥವೊಂದು ನೆಲ ಬಿಟ್ಟು ನೆಲಕ್ಕೆ ಹೋದ ಚರಿತ್ರೆಯೆಂದರೆ ಓದುಗರಿಗೆ ಹೆಚ್ಚು ಪರಿಚಿತವಾದದ್ದು ಅಮೆರಿಕದ ಮಾರ್ಮನ್ನರದು. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಆರಂಭಿಸಿದ ಆ ಪಂಥ ಮಿಸ್ಸೂರಿಯಿಂದಲೂ ಇಲಿನಾಯಿಯಿಂದಲೂ ಓಡಿಸಿಕೊಂಡು, 1844ರಲ್ಲಿ ಸ್ಮಿತ್ ದೊಂಬಿಗೆ ಬಲಿಯಾದ ಮೇಲೆ, ಬ್ರಿಗಮ್ ಯಂಗನ ಹಿಂದೆ 1847ರ ಜುಲೈನಲ್ಲಿ ಸಾಲ್ಟ್ ಲೇಕ್ ಕಣಿವೆ ಸೇರಿತು. ಅವರು ಸರ್ಕಾರದ ಕೈಗೆ ಸಿಗದಷ್ಟು ದೂರ ಹೋಗಲು ಹೊರಟವರು. ನಿಮತುಲ್ಲಾಹಿಗಳು ಹೊರಟದ್ದು ಅರಸನ ಅರಮನೆಗೇ. ಗುರುವಿನ ಗೋರಿ ಹಿಂದೆ ಉಳಿದದ್ದು ಎರಡರಲ್ಲೂ ಒಂದೇ. ಆದರೆ ಸ್ಮಿತ್‌ನ ಹೆಂಡತಿ ಮಕ್ಕಳು ಇಲಿನಾಯಿಯಲ್ಲೇ ಉಳಿದರು, ಪಂಥ ಮುಂದೆ ಹೋಯಿತು. ಬೀದರಿಗೆ ಮಾತ್ರ ಗುರುವಿನ ರಕ್ತಸಂಬಂಧಿಗಳೇ ಬಂದರು. ಗುರುತ್ವ ವಂಶದಲ್ಲೇ ಹರಿಯುವ ಪರಂಪರೆಯಲ್ಲಿ ಇದರ ಬೆಲೆ ದೊಡ್ಡದು.

ಗುರುಮನೆತನ ಒಂಟಿಯಾಗಿ ಬಂದದ್ದಲ್ಲ. ಹೊರ್ಮುಜಿನಿಂದ ಹಡಗು ಹತ್ತಿ ಕೊಂಕಣದ ದಾಭೋಳದಂಥ ಬಂದರಿನಲ್ಲಿ ಇಳಿದು, ಘಟ್ಟ ಏರಿ ಬರುವ ದಾರಿ ಆಗ ಕುದುರೆ ವ್ಯಾಪಾರದ ಹೆದ್ದಾರಿ. ಅದೇ ದಾರಿಯಲ್ಲಿ ಸಿಪಾಯಿಗಳು, ವರ್ತಕರು, ಲಿಪಿಕಾರರು, ಗಿಲಾವುಕೆಲಸದವರು ಬರುತ್ತಲೇ ಇದ್ದರು. ಬಿದರಿ ಕಲೆ ಇದೇ ಅಲೆಯಲ್ಲಿ ಇರಾನಿನಿಂದ ಬಂತೆಂಬ ಹೇಳಿಕೆ ಬೀದರಿನ ಕಸುಬುದಾರರಲ್ಲಿ ಉಂಟು. ಗೀಲಾನಿನ ಮಹಮೂದ್ ಗವಾನ್ 1453ರಲ್ಲಿ ಬೀದರಿಗೆ ಬಂದದ್ದು ಮುಹಿಬ್ಬುಲ್ಲಾನ ದರ್ಶನ ಬಯಸಿ ಎಂದು ಫಿರಿಶ್ತಾ ಬರೆದಿದ್ದಾನೆ. ಗವಾನ್ ಮುಂದೆ ವಜೀರನಾಗಿ 1472ರಲ್ಲಿ ಮದರಸ ಕಟ್ಟಿಸಿದ. ಅದೇ ಕಾಲದಲ್ಲಿ ಬೀದರನ್ನು ಕಂಡ ರಷ್ಯದ ವರ್ತಕ ಅಫನಾಸಿ ನಿಕಿತಿನ್, ಇಲ್ಲಿ ಆಳುವವರೂ ಸರದಾರರೂ ಖುರಾಸಾನಿಗಳೇ ಎಂದು ಗುರುತು ಮಾಡಿದ್ದಾನೆ.

ಈ ಮಾತಿನ ಹಿಂದೆ ದೊಡ್ಡ ಅಸಮಾಧಾನವಿತ್ತು. ಹಿಂದಿನ ಶತಮಾನದಲ್ಲೇ ದೆಹಲಿಯ ಕಡೆಯಿಂದ ಬಂದು ನೆಲೆ ನಿಂತಿದ್ದ ದಖನಿಗಳಿಗೂ, ಹೊಸದಾಗಿ ಬಂದ ಆಫಾಕಿಗಳಿಗೂ ಬಣಜಗಳ ಬೆಳೆಯಿತು. ಸುಮಾರು 1447ರಲ್ಲಿ ಪುಣೆಯ ಬಳಿಯ ಚಾಕಣದಲ್ಲಿ ದಖನಿ ಬಣದವರು ಆಫಾಕಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೊಂದರು. ಮಹಮೂದ್ ಗವಾನನ ತಲೆ 1481ರಲ್ಲಿ ಉರುಳಿದ್ದೂ ಇದೇ ಜಗಳದ ಸುಳಿಯಲ್ಲಿ.

ಅರಮನೆಗೆ ನೆಂಟನಾದ ಸಂತ ಅರಮನೆಯ ಕತ್ತಿಗೂ ಹತ್ತಿರವಾದ. ಖಲೀಲುಲ್ಲಾನ ಮಗ ಹಬೀಬುಲ್ಲಾ ಬೀಡ್ ಎಂಬ ಊರಿನ ಜಹಗೀರು ಪಡೆದು, ಯುದ್ಧಗಳಲ್ಲಿ ಪಾಲ್ಗೊಂಡು ‘ಗಾಜಿ’ ಎನಿಸಿಕೊಂಡಿದ್ದ. ಕ್ರೂರತನಕ್ಕೆ ಹೆಸರಾದ ಹುಮಾಯೂನ್ ಶಾ 1458ರಲ್ಲಿ ಪಟ್ಟಕ್ಕೆ ಬಂದಾಗ ಹಬೀಬುಲ್ಲಾ ನಿಂತದ್ದು ಅವನ ತಮ್ಮ ಹಸನ್ ಖಾನನ ಕಡೆಗೆ. ಸೆರೆಮನೆ ಸೇರಿದ, ಶಿಷ್ಯರು ಯೂಸುಫ್ ತುರ್ಕ್ ಎಂಬವನ ನೆರವಿನಿಂದ ಸೆರೆ ಒಡೆದು ಬಿಡಿಸಿದರು. ಬೀಡಿನಲ್ಲಿ ದಂಡು ಕಟ್ಟಿ ಸೋತು, ವಿಜಾಪುರದ ಕಡೆಗೆ ಓಡಿದಾಗ ಅಲ್ಲಿಯ ಅಧಿಕಾರಿ ಸಿರಾಜ್ ಖಾನ್ ಆಶ್ರಯ ಕೊಡುವಂತೆ ನಟಿಸಿ ಮುತ್ತಿಗೆ ಹಾಕಿದ. ಹಬೀಬುಲ್ಲಾ ಹೋರಾಡುತ್ತಲೇ ಸತ್ತ. ಸೆರೆಸಿಕ್ಕ ಹಸನ್ ಖಾನನನ್ನು ಬೀದರಿನಲ್ಲಿ ಹುಲಿಗೆ ಎಸೆದರು. ಅಷ್ಟೂರಿನ ಗೋರಿಗಳ ಸಾಲಿನಲ್ಲಿ ಸಿಡಿಲು ಬಡಿದು ಸೀಳಿರುವ ಗುಮ್ಮಟ ಇದೇ ಹುಮಾಯೂನನದು.

ಚೌಖಂಡಿ ಖಲೀಲುಲ್ಲಾನ ಸಮಾಧಿ. ಚೌಕಾಕಾರದ ಗೋರಿಮನೆಯ ಸುತ್ತ ಎರಡು ಅಂತಸ್ತಿನ ಅಷ್ಟಕೋನದ ಗೋಡೆ. ಅದರಲ್ಲಿ ಕಮಾನಿನ ಮೇಲೆ ಕಮಾನು. ಬಾಗಿಲ ಸುತ್ತ ಕಪ್ಪುಕಲ್ಲಿನ ಕೆತ್ತನೆ, ಮೇಲೆ ಶಿರಾಜಿನ ಮುಗೀಸ್ ಎಂಬ ಲಿಪಿಕಾರ ಬರೆದ ಶಾಸನಪಟ್ಟಿ. ಅಹ್ಮದ್ ಶಾನ ಗುಂಬಜಿನ ಒಳಗೋಡೆಗಳು ಇನ್ನೊಂದೇ ಲೋಕ: ಕೆಂಪು, ನೀಲಿ, ಚಿನ್ನದ ಬಣ್ಣದ ಚಿತ್ತಾರದ ನಡುವೆ ಶಾ ನಿಮತುಲ್ಲಾನ ಸಾಲುಗಳು, ಗುರುಪರಂಪರೆಯ ಪಟ್ಟಿ, ಚಿತ್ರಕಾರ ಕಜ್ವೀನಿನ ಶುಕ್ರುಲ್ಲಾನ ಹೆಸರು. ಒಳಗೆ ಬೆಳಕು ಕಡಿಮೆ.

ಜನರ ನೆನಪು ಮಾತ್ರ ಬೇರೆ ದಾರಿ ಹಿಡಿಯಿತು. ಕಿರ್ಮಾನಿನಿಂದ ಬಂದ ಗುರುಗಳಿಗಿಂತ ಅವರನ್ನು ಕರೆಸಿದ ಅರಸನೇ ಬೀದರ್ ಸೀಮೆಯಲ್ಲಿ ಸಂತನಾದ. ಮುಸ್ಲಿಮರಿಗೆ ಅವನು ಅಹ್ಮದ್ ಶಾ ವಲಿ, ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭು. ಅಷ್ಟೂರ ಜಾತ್ರೆ ನಡೆಯುವುದು ಹಿಜರಿ ತಿಂಗಳ ಲೆಕ್ಕದಲ್ಲಲ್ಲ, ಹೋಳಿ ಹುಣ್ಣಿಮೆ ಕಳೆದ ಮೇಲೆ ಪಂಚಾಂಗ ನೋಡಿ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಭಕ್ತರೊಡನೆ ಬರುವ ಜಂಗಮನೇ ಉರುಸಿನ ಮುಖ್ಯ. ಗೋರಿಯ ಮುಂದೆ ಶಂಖ ಊದಿ ಹೂವು ಏರಿಸುತ್ತಾನೆ. ಮಾಹಾನಿನಲ್ಲಿ ಇದಕ್ಕೆ ಸಮನಾದದ್ದು ಏನೂ ಇಲ್ಲ.

ಪಂಥ ಕೊನೆಗೆ ಬಂದ ದಿಕ್ಕಿಗೇ ಮರಳಿತು. 18ನೆಯ ಶತಮಾನದ ಉತ್ತರಾರ್ಧದಲ್ಲಿ ದಖ್ಖನಿನ ಗುರು ರಜಾ ಅಲಿ ಶಾ ತನ್ನ ಶಿಷ್ಯ ಮಾಸೂಮ್ ಅಲಿ ಶಾನನ್ನು ಇರಾನಿಗೆ ಕಳಿಸಿದ. ಶಿರಾಜಿನಲ್ಲಿ ಜನ ಮುಗಿಬಿದ್ದರು, ಅಲ್ಲಿ ಆಳುತ್ತಿದ್ದ ಕರೀಮ್ ಖಾನ್ ಜಂದ್ ಊರು ಬಿಡಿಸಿದ, ಶಿಯಾ ಧರ್ಮಪಂಡಿತರು ತಿರುಗಿಬಿದ್ದರು. ಆ ಶತಮಾನ ಮುಗಿಯುವ ಮೊದಲೇ ಅವನು ಕಿರ್ಮಾನ್‌ಶಾದಲ್ಲಿ ಕೊಲೆಯಾದ. ಅಷ್ಟರಲ್ಲಿ ಪಂಥ ಅಲ್ಲಿ ಬೇರು ಬಿಟ್ಟಿತ್ತು; ಇಂದು ಇರಾನಿನಲ್ಲೂ, 1970ರ ದಶಕದ ನಂತರ ಲಂಡನ್, ನ್ಯೂಯಾರ್ಕ್‌ಗಳಲ್ಲೂ ಇರುವ ಅದರ ಶಾಖೆಗಳು ತಮ್ಮ ಗುರುಪರಂಪರೆಯನ್ನು ಈ ದಖನಿ ಕೊಂಡಿಯ ಮೂಲಕವೇ ಮಾಹಾನಿಗೆ ಸೇರಿಸುತ್ತವೆ.