ಬಕ್ಲಾವಾ ಮತ್ತು ಅವ್ವನ ಚಿರೋಟಿ

ನಮ್ಮದು ವಡೆಯ ಮದ್ದೂರಲ್ಲ. ಗುಂಡ್ಲುಪೇಟೆಯಿಂದ ಕೇರಳಕ್ಕೆ ಹೋಗುವ ದಾರಿಯಲ್ಲಿರುವ ಕಾಡಂಚಿನ ಮದ್ದೂರು. ಕಳೆದ ರಂಜಾನಿನಲ್ಲಿ ಬೆಂಗಳೂರಿನ ಫ್ರೇಜರ್ ಟೌನಿನಿಂದ ಒಂದು ಡಬ್ಬಿ ಬಕ್ಲಾವಾ ತಂದಿದ್ದೆ. ಅವ್ವ ಒಂದು ತುಂಡು ಬಾಯಿಗಿಟ್ಟು, "ಇದು ಪಾಕದಲ್ಲಿ ನೆನೆಸಿದ ಚಿರೋಟಿ ಕಣಪ್ಪ" ಅಂದಳು.

ನನಗೆ ತಟ್ಟನೆ ಟಿಪ್ಪು ನೆನಪಾದ. 1786ರಲ್ಲಿ ಅವನು ಗುಲಾಮ್ ಅಲಿ ಖಾನನ ಮುಂದಾಳತ್ವದಲ್ಲಿ ಇಸ್ತಾಂಬುಲಿಗೆ ರಾಯಭಾರಿಗಳನ್ನು ಕಳಿಸಿದ್ದ. ಅಲ್ಲಿ ರಂಜಾನಿನ ಹದಿನೈದನೆಯ ದಿನ ಟೋಪ್ಕಾಪಿ ಅರಮನೆಯಿಂದ ಜಾನಿಸರಿ ಸೈನಿಕರಿಗೆ ಹತ್ತು ಜನಕ್ಕೊಂದು ತಟ್ಟೆಯಂತೆ ಬಕ್ಲಾವಾ ಹಂಚುವ ಪದ್ಧತಿಯಿತ್ತು. ಆ ತಟ್ಟೆಯಿಂದ ಶ್ರೀರಂಗಪಟ್ಟಣಕ್ಕೆ, ಅಲ್ಲಿಂದ ಅವ್ವನ ಬಾಣಲೆಗೆ! ಬರೆಯಲು ಕೈ ತುರಿಸುವಂಥ ಕಥೆ. ಆದರೆ ನಿಲ್ಲುವುದಿಲ್ಲ. ಟಿಪ್ಪುವಿಗೆ ಬೇಕಿದ್ದದ್ದು ಸುಲ್ತಾನನ ಮನ್ನಣೆ, ವ್ಯಾಪಾರದ ಅನುಕೂಲ, ಕುಶಲಕರ್ಮಿಗಳು, ಸಿಹಿತಿಂಡಿಯಲ್ಲ. ಕೈಕೆಲಸವೂ ಬೇರೆ. ತುರ್ಕರು ಕಾಗದದಷ್ಟು ತೆಳುವಾದ ಹಾಳೆಗಳ ನಡುವೆ ಪಿಸ್ತಾ, ಅಕ್ರೋಟು ಹರಡಿ, ಓವನ್‌ನಲ್ಲಿ ಬೇಯಿಸಿ ಪಾಕ ಸುರಿಯುತ್ತಾರೆ. ಅವ್ವ ಹಾಳೆಗೆ ತುಪ್ಪ, ಅಕ್ಕಿಹಿಟ್ಟಿನ ಸಾಟಿ ಸವರಿ, ಸುರುಳಿ ಸುತ್ತಿ, ಕತ್ತರಿಸಿ ಲಟ್ಟಿಸಿ ಕರಿಯುತ್ತಾಳೆ. ಮೇಲೆ ಸಕ್ಕರೆ ಪುಡಿ.

ಇಷ್ಟನ್ನೂ ಅವಳಿಗೆ ಹೇಳಿದೆ. "ಪಿಸ್ತಾ ಒಂದು ಬಿಟ್ಟರೆ ನಮ್ಮದೇ ವಾಸಿ" ಎಂದು ಇನ್ನೊಂದು ತುಂಡು ತೆಗೆದುಕೊಂಡಳು.