ಬೌದ್ಧ ಮನೋಚಿಕಿತ್ಸೆ: ಕೊಪ್ಪಳ ಸೀಮೆಯ ಹಿನ್ನೆಲೆ

ಮನಸ್ಸಿನ ಸಂಕಟದ ಕಾರಣವನ್ನು ಗುರುತಿಸಿ, ದಿನನಿತ್ಯದ ಅಭ್ಯಾಸದಿಂದ ಅದನ್ನು ಇಳಿಸಿಕೊಳ್ಳುವ ಬೌದ್ಧ ಕ್ರಮ. ಬುದ್ಧನ ಬೋಧೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯನ್ನು ಮುಟ್ಟಿದ್ದಕ್ಕೆ ಕ್ರಿ.ಪೂ. 3ನೇ ಶತಮಾನದ ಸಾಕ್ಷಿಯಿದೆ: ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿರುವ ಅಶೋಕನ ಕಿರು ಬಂಡೆಶಾಸನಗಳು. ಬ್ರಾಹ್ಮಿ ಲಿಪಿಯ ಈ ಪ್ರಾಕೃತ ಶಾಸನಗಳು 1931ರಲ್ಲಿ ಬೆಳಕಿಗೆ ಬಂದವು, ಮರುವರ್ಷ ಆರ್.ಎಲ್. ಟರ್ನರ್ ಪ್ರಕಟಿಸಿದರು. ಪಾಲ್ಕಿಗುಂಡಿನದು ಬಹಳ ಸವೆದಿದೆ.

ಗವಿಮಠದ ಶಾಸನದಲ್ಲಿ ಚಕ್ರವರ್ತಿ ತನ್ನ ಸಾಧನೆಯ ಲೆಕ್ಕ ಒಪ್ಪಿಸುತ್ತಾನೆ. ಉಪಾಸಕನಾಗಿ ಎರಡೂವರೆ ವರ್ಷ ಕಳೆದಿದೆ; ಮೊದಲ ವರ್ಷ ಹೆಚ್ಚು ಶ್ರಮಿಸಲಿಲ್ಲ; ಭಿಕ್ಷು ಸಂಘದ ಸಂಪರ್ಕಕ್ಕೆ ಬಂದಮೇಲೆ ಶ್ರದ್ಧೆಯಿಂದ ಶ್ರಮಿಸಿದೆ. ಶ್ರಮದ ಫಲ ದೊಡ್ಡವರ ಸೊತ್ತಲ್ಲ, ಸಣ್ಣವರಿಗೂ ದಕ್ಕುತ್ತದೆ ಎಂಬುದು ಅವನ ಮಾತಿನ ತಿರುಳು. ಇಲ್ಲಿ ಧ್ಯಾನದ ವಿಧಾನವಿಲ್ಲ. ಆದರೂ ನಂಬಿದರೆ ಸಾಲದು, ಮಾಡಬೇಕು ಎಂಬ ನಿಲುವು ಇಷ್ಟು ನೇರವಾಗಿ ಬೇರೆ ಅರಸರ ಶಾಸನಗಳಲ್ಲಿ ಸಿಗುವುದು ಅಪರೂಪ.

ವಿಧಾನ ಇರುವುದು ಪಾಲಿ ಸುತ್ತಗಳಲ್ಲಿ. ಸಲ್ಲಸುತ್ತದ ಪ್ರಕಾರ ಮೈಗೆ ನಾಟಿದ ನೋವು ಒಂದು ಬಾಣ. ಅದಕ್ಕಾಗಿ ಮರುಗಿ ಕೊರಗುವುದು ನಮಗೆ ತಗಲುವ ಎರಡನೆಯ ಬಾಣ. ಮೊದಲನೆಯದನ್ನು ತಪ್ಪಿಸಲಾಗದಿದ್ದರೂ ಎರಡನೆಯದನ್ನು ತಪ್ಪಿಸಬಹುದು. ವಿತಕ್ಕಸಂಠಾನ ಸುತ್ತ ಕಾಡುವ ಯೋಚನೆಗಳಿಗೆ ಐದು ಉಪಾಯ ಕೊಡುತ್ತದೆ: ಒಳ್ಳೆಯ ಯೋಚನೆಯನ್ನು ಆ ಜಾಗಕ್ಕೆ ತರುವುದು, ಕಾಡುವ ಯೋಚನೆಯ ಕೇಡನ್ನು ಕಾಣುವುದು, ಅದಕ್ಕೆ ಗಮನ ಕೊಡದಿರುವುದು, ಅದರ ಮೂಲವನ್ನು ಶಮನಗೊಳಿಸುವುದು, ಕೊನೆಗೆ ಹಲ್ಲುಕಚ್ಚಿ ಅದುಮುವುದು. ಇಂದಿನ ಆಪ್ತಸಮಾಲೋಚಕರಿಗೂ ಇದು ಹೊಸದೆನಿಸದು.

ಮುಂದೆ ಕೊಪಣ, ಅಂದರೆ ಇಂದಿನ ಕೊಪ್ಪಳ, ಜೈನರ ಮಹಾತೀರ್ಥವಾಯಿತು. ಪಶ್ಚಿಮದ ಡಂಬಳದಲ್ಲಿ ಮಾತ್ರ 1095ರ ಶಾಸನ ತಾರಾದೇವಿಯನ್ನೂ ಬೌದ್ಧ ವಿಹಾರವನ್ನೂ ಸ್ಮರಿಸುತ್ತದೆ.

20ನೇ ಶತಮಾನದಲ್ಲಿ ಬೌದ್ಧ ಧ್ಯಾನದ ಅಭ್ಯಾಸ ಆಸ್ಪತ್ರೆಗೂ ಬಂತು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಜಿನ್ ಒತ್ತಡ ತಗ್ಗಿಸುವ ಧ್ಯಾನ ತರಬೇತಿ ಶುರುಮಾಡಿದರು. ಖಿನ್ನತೆ ಮರುಕಳಿಸದಂತೆ ತಡೆಯುವ ಚಿಕಿತ್ಸೆ ಅದರಿಂದ ಬೆಳೆಯಿತು. 2013ರ ಜನವರಿಯಲ್ಲಿ ಕರ್ನಾಟಕದ ಮುಂಡಗೋಡದ ಡ್ರೆಪುಂಗ್ ಮಠದಲ್ಲಿ ದಲೈ ಲಾಮಾ ಹಾಗೂ ವಿಜ್ಞಾನಿಗಳು ಮನಸ್ಸಿನ ಕುರಿತು ಚರ್ಚಿಸಿದರು.

ತೀವ್ರ ಖಿನ್ನತೆಗೆ ಧ್ಯಾನವೊಂದೇ ಮದ್ದಲ್ಲ; ಬಳಲುವವರು ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.