ಸಣ್ಣ ರೈಲಿನ ಭಾಷೆ

ಆಟದ ರೈಲಿಗೂ ಒಂದು ಚರಿತ್ರೆಯೇ ಎಂದು ವಾಚಕರು ನಗಬಹುದು. ನಗಲಿ. ಜರ್ಮನಿ, ಇಂಗ್ಲೆಂಡು, ಅಮೆರಿಕಗಳಲ್ಲಿ ಮನೆಯ ಅಟ್ಟದಲ್ಲೋ ನೆಲಮಾಳಿಗೆಯಲ್ಲೋ ಬೆಟ್ಟ, ಸೇತುವೆ, ನಿಲ್ದಾಣಗಳನ್ನು ಕಟ್ಟಿ ಗೇಣುದ್ದದ ಎಂಜಿನ್ನುಗಳನ್ನು ಓಡಿಸುವವರೆಲ್ಲ ಮಕ್ಕಳಲ್ಲ. ತಲೆ ನರೆತವರೂ ಬೇಕಾದಷ್ಟು ಮಂದಿ ಇದ್ದಾರೆ. ಅಂಥವರ ಹಳಿಯ ಮೇಲೆ ಎಷ್ಟೋ ವರ್ಷಗಳ ಉಳಿತಾಯ ನಿಂತಿರುತ್ತದೆ. ರೈಲನ್ನು ನಡೆಸುವ ಪದ್ಧತಿ ಬದಲಾದಾಗಲೆಲ್ಲ ಅವರಿಗೆ ಎದುರಾಗುವ ಪ್ರಶ್ನೆ ಆಟದ್ದಲ್ಲ. ಹೊಸದಕ್ಕೆ ಹಣ ಹಾಕಿದರೆ ಹಳೆಯದರ ಗತಿಯೇನು? ಇಂದು ಹಾಕಿದ ಹಣ ಇನ್ನು ಇಪ್ಪತ್ತು ವರ್ಷಕ್ಕೆ ಏನಾಗಿ ಉಳಿದೀತು? ಕನ್ನಡ ಪಾಠ ಹೇಳುವ ನನಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದಕ್ಕೆ ಕಾರಣವಿದೆ: ಈ ಪ್ರಶ್ನೆಗೆ ಚರಿತ್ರೆ ಕೊಟ್ಟಿರುವ ಉತ್ತರ ಭಾಷೆಗೆ ಸೇರಿದ್ದು.

ಮೊದಲು ಹಳೆಯ ಪದ್ಧತಿಯನ್ನು ತಿಳಿಯಬೇಕು. ಹಳಿಗೆ ವಿದ್ಯುತ್ತು ಹರಿಸುವುದು. ವೋಲ್ಟೇಜು ಏರಿಸಿದರೆ ಎಂಜಿನ್ನು ಓಡುವುದು, ಇಳಿಸಿದರೆ ನಿಲ್ಲುವುದು. ತೊಡಕೆಂದರೆ, ಹಳಿಯ ಮೇಲೆ ಎಷ್ಟು ಎಂಜಿನ್ನುಗಳಿದ್ದರೂ ಎಲ್ಲಕ್ಕೂ ಒಂದೇ ಅಪ್ಪಣೆ. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸಬೇಕಾದರೆ ಹಳಿಯನ್ನು ತುಂಡು ತುಂಡಾಗಿ ಬೇರ್ಪಡಿಸಿ, ತುಂಡಿಗೊಂದು ತಂತಿ, ತಂತಿಗೊಂದು ಸ್ವಿಚ್ಚು ಇಡಬೇಕಾಗಿದ್ದಿತು. ದೊಡ್ಡ ಮಾದರಿಗಳ ಹಲಗೆಯ ಕೆಳಗೆ ಬಗ್ಗಿ ನೋಡಿದರೆ ಆಲದ ಬೇರಿನಂತೆ ತಂತಿಗಳು ಹೆಣೆದುಕೊಂಡಿರುತ್ತಿದ್ದವು. ನಿಜವಾಗಿ ಅವರು ನಡೆಸುತ್ತಿದ್ದುದು ಹಳಿಯನ್ನು; ಅದರ ಜೊತೆಗೆ ರೈಲೂ ನಡೆಯುತ್ತಿದ್ದಿತು.

ಡಿಜಿಟಲ್ ಪದ್ಧತಿ ಬಂದು ಇದನ್ನು ತಿರುಗುಮುರುಗು ಮಾಡಿತು. ಹಳಿಯಲ್ಲಿ ಸದಾ ಪೂರ್ಣ ವಿದ್ಯುತ್ತು. ಅಪ್ಪಣೆಗಳೂ ಆ ವಿದ್ಯುತ್ತಿನಲ್ಲಿಯೇ ಸಂಕೇತಗಳಾಗಿ ಹರಿಯುತ್ತವೆ. ಎಂಜಿನ್ನಿನ ಹೊಟ್ಟೆಯಲ್ಲಿ ಡಿಕೋಡರ್ ಎಂಬ ಪುಟ್ಟ ಓದುಗನಿರುತ್ತಾನೆ. ಹಾಜರಿ ಕೂಗುವಾಗ ತನ್ನ ನಂಬರು ಬಂದರೆ ಮಾತ್ರ ಓಗೊಡುವ ವಿದ್ಯಾರ್ಥಿಯಂತೆ (ನಮ್ಮ ತರಗತಿಗಳಲ್ಲಿ ಬೇರೆಯವರ ನಂಬರಿಗೂ ಓಗೊಡುವವರುಂಟು, ಆ ಮಾತು ಬೇರೆ) ಅವನು ತನಗೆ ಹೇಳಿದ್ದನ್ನಷ್ಟೇ ಕೇಳುತ್ತಾನೆ.

ಇಂಗ್ಲೆಂಡಿನ ಹಾರ್ನ್‌ಬಿ ಕಂಪೆನಿ 1979ರಲ್ಲಿ ‘ಜೀರೊ 1’ ಎಂಬ ಪದ್ಧತಿಯನ್ನು ಹೊರತಂದಿತು. 16 ಎಂಜಿನ್ನುಗಳಿಗೆ ಬೇರೆ ಬೇರೆ ಅಪ್ಪಣೆ ಕೊಡಬಹುದು. ಆ ಕಾಲಕ್ಕೆ ಅದು ಸಾಹಸವೇ ಸರಿ. ಜನ ತಮ್ಮ ಎಂಜಿನ್ನುಗಳನ್ನು ಬಿಚ್ಚಿ, ಅದರ ಡಿಕೋಡರುಗಳನ್ನು ಒಳಗೆ ತುರುಕಿ ಬೆಸುಗೆ ಹಾಕಿಕೊಂಡರು. ಆದರೆ ಅದು ಒಂದೇ ಮನೆಯವರ ಮಾತು. 1980ರ ದಶಕದಲ್ಲಿಯೇ ಕಂಪೆನಿ ಅದನ್ನು ಕೈಬಿಟ್ಟಿತು. ಮುಂದೆ 2000ರ ದಶಕದಲ್ಲಿ ಹಾರ್ನ್‌ಬಿಯವರೇ ಮತ್ತೆ ಡಿಜಿಟಲ್ಲಿಗೆ ಬಂದಾಗ ಹಿಡಿದದ್ದು ಬೇರೆ ಭಾಷೆಯನ್ನು. ತಾವೇ ಮಾರಿದ ಹಳೆಯ ಡಿಕೋಡರಿಗೆ ತಮ್ಮ ಹೊಸ ಯಂತ್ರದ ಅಪ್ಪಣೆ ತಿಳಿಯದು. ಅದನ್ನು ಕಿತ್ತು ಬೇರೆ ಹಾಕಿಕೊಳ್ಳಬೇಕು. ಮೊದಲಿಗರಾಗಿ ನಂಬಿ ಕೊಂಡವರಿಗೇ ಹೆಚ್ಚಿನ ನಷ್ಟ.

ಜರ್ಮನಿಯ ಗೋಪಿಂಗೆನ್ ಊರಿನ ಮಾರ್ಕ್ಲಿನ್ ಕಂಪೆನಿ 1859ರಷ್ಟು ಹಳೆಯದು. 1891ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಅದು ಗೊತ್ತಾದ ಅಳತೆಯ ಹಳಿಗಳ ಆಟದ ರೈಲನ್ನು ತೋರಿಸಿದ್ದಿತು: ಈ ವರ್ಷ ಎಂಜಿನ್ನು ಕೊಂಡ ಹುಡುಗ ಮುಂದಿನ ವರ್ಷ ಡಬ್ಬಿಯನ್ನೂ ಹಳಿಯನ್ನೂ ಕೊಂಡು ಸೇರಿಸಬಹುದು. 1985ರಲ್ಲಿ ಅದು ತನ್ನ ಡಿಜಿಟಲ್ ಪದ್ಧತಿಯನ್ನು ಪೇಟೆಗೆ ತಂದಿತು. ಅದರಲ್ಲಿ 80 ನಂಬರುಗಳು. ಇದೂ ಒಂದೇ ಮನೆಯ ಭಾಷೆ. ಆದರೆ ಆ ಮನೆಯವರು ತಮ್ಮ ಹಳೆಯ ಮಾತನ್ನು ಮರೆಯಲಿಲ್ಲ. 2004ರಲ್ಲಿ, ಹಳಿಯ ಮೇಲಿಟ್ಟೊಡನೆ ಎಂಜಿನ್ನು ತಾನೇ ತನ್ನ ಪರಿಚಯ ಹೇಳಿಕೊಳ್ಳುವ ‘ಎಂಎಫ್‌ಎಕ್ಸ್’ ಎಂಬ ಹೊಸ ಪದ್ಧತಿ ಬಂದ ಮೇಲೂ ಅವರ ನಿಯಂತ್ರಣ ಯಂತ್ರಗಳು ಹಳೆಯ ಮಾತನ್ನೂ ಆಡುತ್ತ ಬಂದಿವೆ. ಸ್ಟಟ್‌ಗಾರ್ಟಿನಲ್ಲಿ ಕೆಲಸದಲ್ಲಿರುವ ನನ್ನ ಸೋದರಳಿಯ ಸಂತೆಯಲ್ಲಿ ಕೊಂಡ ಆ ಮೊದಲ ಕಾಲದ ಎಂಜಿನ್ನೊಂದನ್ನು ಸ್ನೇಹಿತನ ಹೊಸ ಯಂತ್ರಕ್ಕೆ ಕೊಟ್ಟು ನೋಡಿದನಂತೆ. “ಮಾವ, ಧೂಳು ಒರೆಸಿ ಎಣ್ಣೆ ಬಿಟ್ಟದ್ದಷ್ಟೆ, ಓಡಿಬಿಟ್ಟಿತು” ಎಂದು ಫೋನಿನಲ್ಲಿ ಹೇಳಿದ. ಇದರ ನಡುವೆ 2009ರಲ್ಲಿ ಆ ಕಂಪೆನಿಯೇ ದಿವಾಳಿಯೆದ್ದು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಿತೆಂಬುದನ್ನು ನೆನೆಯಬೇಕು. ಆಗ ಅದನ್ನು ಯಾರೂ ಎತ್ತಿಹಿಡಿಯದಿದ್ದರೆ?

ಈ ಭಯಕ್ಕೆ ಮದ್ದು ಅಮೆರಿಕದಲ್ಲಿ ಸಿಕ್ಕಿತು. 1935ರಲ್ಲಿ ಮಿಲ್ವಾಕೀ ನಗರದಲ್ಲಿ ಹುಟ್ಟಿದ ರಾಷ್ಟ್ರೀಯ ಮಾದರಿ ರೈಲು ಸಂಘ ಮೊದಲಿನಿಂದಲೂ ಗಾಲಿ, ಹಳಿಗಳ ಅಳತೆಗಳನ್ನು ಗೊತ್ತುಪಡಿಸುತ್ತ ಬಂದ ಸಂಸ್ಥೆ. ಅದು ಪೇಟೆಯಲ್ಲಿದ್ದ ಪದ್ಧತಿಗಳನ್ನು ಪರಿಶೀಲಿಸಿ, ಜರ್ಮನಿಯ ಲೆನ್ಸ್ ಸಂಸ್ಥೆಯ ಪದ್ಧತಿಯನ್ನು ಆಧಾರವಾಗಿ ಹಿಡಿದು, 1994ರಲ್ಲಿ ಎಲ್ಲರಿಗೂ ಸಲ್ಲುವ ನಿಯಮಗಳನ್ನು ಅಂಗೀಕರಿಸಿತು. ಅದೇ ಇಂದಿನ ಡಿಸಿಸಿ. ಯಂತ್ರ ಹೇಗಿರಬೇಕೆಂದು ಅದು ಹೇಳಲಿಲ್ಲ. ಅಕ್ಷರ, ವ್ಯಾಕರಣಗಳನ್ನು ಮಾತ್ರ ಹೇಳಿತು. ಸಂಕೇತದ ಅರ್ಧಭಾಗ 58 ಮೈಕ್ರೊಸೆಕೆಂಡಾದರೆ ‘ಒಂದು’, 100 ಅಥವಾ ಹೆಚ್ಚಾದರೆ ‘ಸೊನ್ನೆ’. ಛಂದಸ್ಸು ಕಲಿತವರಿಗೆ ಲಘು ಗುರುಗಳ ಲೆಕ್ಕ ಹೊಸದೇನೂ ಅಲ್ಲ. ಪ್ರತಿ ಅಪ್ಪಣೆಯ ಕೊನೆಗೆ, ತಪ್ಪು ಕೇಳಿಸಿತೇ ಎಂದು ತಾಳೆ ನೋಡುವುದಕ್ಕೊಂದು ಪದ. ಯಾರು ಮಾಡಿದ ಯಂತ್ರವಾದರೂ ಯಾರು ಮಾಡಿದ ಡಿಕೋಡರಿನೊಡನೆಯೂ ಮಾತಾಡಬಹುದು. ಒಬ್ಬ ತಯಾರಕ ಮುಳುಗಿದರೆ ಭಾಷೆ ಮುಳುಗುವುದಿಲ್ಲ.

ಭಾಷೆ ಬೆಳೆದದ್ದೂ ಹಳೆಯದನ್ನು ಉಳಿಸಿಕೊಂಡೇ. 127ರವರೆಗಿನ ನಂಬರುಗಳ ಜೊತೆಗೆ ನಾಲ್ಕಂಕಿಯ ನಂಬರುಗಳು ಬಂದವು. ವೇಗದ 14 ಮೆಟ್ಟಿಲುಗಳ ಜೊತೆಗೆ 28, ಮತ್ತೆ 128. ಆದರೆ 28 ಮೆಟ್ಟಿಲಿಗೆ ಅಪ್ಪಣೆಯಲ್ಲಿ ಜಾಗ ಸಾಲದೆ, ಮೊದಲು ಮುಂದೀಪಕ್ಕೆ ಮೀಸಲಾಗಿದ್ದ ಒಂದು ಅಕ್ಷರವನ್ನು ವೇಗಕ್ಕೆ ಬಳಸಿಕೊಂಡರು. ಇದರಿಂದಾದ ಚೇಷ್ಟೆ ಈ ಹವ್ಯಾಸಿಗಳಿಗೆಲ್ಲ ಗೊತ್ತು: ಯಂತ್ರ 28ರ ರೀತಿ ಹೇಳಿ ಎಂಜಿನ್ನು 14ರ ರೀತಿ ಓದಿದರೆ, ವೇಗ ಏರಿಸಿದಂತೆಲ್ಲ ದೀಪ ಹತ್ತಿ ಆರಿ, ಹತ್ತಿ ಆರಿ ಕಣ್ಣು ಮಿಟುಕಿಸುತ್ತದೆ. ನಮಗೂ ಇದು ಅಪರಿಚಿತವಲ್ಲ. ಹಳಗನ್ನಡದಲ್ಲಿ ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಕತ್ತಿ. ೞಕಾರವನ್ನು ಕಳೆದುಕೊಂಡ ಮೇಲೆ ಎರಡನ್ನೂ ಒಂದೇ ರೀತಿ ಬರೆದು, ಸಂದರ್ಭ ನೋಡಿ ಅರ್ಥ ಹಚ್ಚುತ್ತೇವೆ. ಡಿಕೋಡರಿಗೆ ಸಂದರ್ಭ ತಿಳಿಯುವುದಿಲ್ಲ. ಅದರೊಳಗಿನ ಒಂದು ಅಂಕಿಯನ್ನು ನಾವೇ ತಿದ್ದಬೇಕು.

ಆದ್ದರಿಂದ ಎಷ್ಟು ಗುಂಡಿಗಳಿವೆ, ಎಷ್ಟು ಬಗೆಯ ಶಿಳ್ಳೆಗಳಿವೆ ಎಂದು ನೋಡಿ ಹೊಸ ಪದ್ಧತಿ ಕೊಳ್ಳುವವರನ್ನು ಕಂಡರೆ ನನಗೆ ಮರುಕವಾಗುತ್ತದೆ. ಯಂತ್ರ ಹತ್ತು ಹದಿನೈದು ವರ್ಷಕ್ಕೆ ಹಳತಾಗುವುದೇ. ಎಂಜಿನ್ನುಗಳಲ್ಲಿ ಎಂಟು ಕಡ್ಡಿಯ ಪುಟ್ಟ ಸಾಕೆಟ್ಟು ಬಂದ ಮೇಲೆ ಡಿಕೋಡರ್ ಬದಲಿಸುವುದಕ್ಕೆ ಬೆಸುಗೆಯೂ ಬೇಕಿಲ್ಲ. ಇನ್ನು ಒಂದು ಸುತ್ತಿನ ಹಳಿಯೂ ಎರಡು ಎಂಜಿನ್ನೂ ಇರುವವನಿಗೆ ಇದಾವುದರ ಗೊಡವೆಯೂ ಬೇಡ. ಹಳೆಯ ವೋಲ್ಟೇಜು ಗುಂಡಿಯೇ ಸಾಕು.

ಡಿಸಿಸಿ ನಿಯಮಗಳನ್ನು ಬರೆದವರು, ಡಿಕೋಡರನ್ನೇ ಕಾಣದ ಹಳೆಯ ಎಂಜಿನ್ನುಗಳನ್ನೂ ಮರೆಯಲಿಲ್ಲ. ‘ಸೊನ್ನೆ’ಯ ಒಂದು ಅರ್ಧವನ್ನು ಎಳೆದು ಉದ್ದ ಮಾಡಿದರೆ ವಿದ್ಯುತ್ತು ಒಂದು ಕಡೆಗೆ ವಾಲುತ್ತದೆ; ಆ ವಾಲಿಕೆಯ ಬಲದಿಂದಲೇ ಸಾಮಾನ್ಯ ಎಂಜಿನ್ನೊಂದನ್ನು ಅದೇ ಹಳಿಯ ಮೇಲೆ ನಡೆಸಬಹುದು. ಎಲ್ಲ ಯಂತ್ರಗಳೂ ಈ ಸೌಕರ್ಯವನ್ನು ಕೊಡುವುದಿಲ್ಲ. ಕೊಡುವ ಕಡೆ, ಮೋಟಾರು ಗುಂಯ್‌ಗುಟ್ಟುತ್ತದೆ, ನಿಂತಲ್ಲೇ ಬಿಸಿಯಾಗುತ್ತದೆ. ಆದರೂ ಮುದುಕ ಎಂಜಿನ್ನು ಹೊಸಬರ ನಡುವೆ ಓಡುತ್ತದೆ.